ಕೊನೆ ಗದ್ದೆಯ ಮಣ್ಣು

ನಮ್ಮೂರ ಹಾಲಿನ ಡೇರಿಗೆ ಬೆಳಗ್ಗೆ ಬರುವವರೆಲ್ಲ ಒಂದಲ್ಲ ಒಂದು ಮಾತಿನಿಂದ ಶುರು ಮಾಡುತ್ತಾರೆ. ಫ್ಯಾಟ್ ಎಷ್ಟು ಬಂತು ಅನ್ನುವವರು ಹೆಚ್ಚು. ಬಟವಾಡೆ ಯಾವಾಗ ಅನ್ನುವವರು ಅದಕ್ಕಿಂತ ಹೆಚ್ಚು. ಒಬ್ಬರು ಮಾತ್ರ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ನೀರ್ ಬಂತೇನ್ಲಾ?" ಅನ್ನುತ್ತಿದ್ದರು. ನಾಲೆಯ ನೀರು ಕೊನೆ ಗದ್ದೆಯವರ ತನಕ ಬಂತೇ ಎಂದು ಅದರ ಅರ್ಥ. ನನ್ನ ಜಮೀನು ಇರುವುದು ಆ ಕೊನೆಯಲ್ಲೇ. ಡೇರಿಯ ಲೆಕ್ಕ ಬರೆಯುತ್ತಾ ನಾನು "ಇನ್ನೂ ಇಲ್ಲ ಕಣಣ್ಣ" ಅನ್ನುತ್ತಿದ್ದೆ. ಅವರು ತಲೆಯಾಡಿಸಿ, ಹಾಲು ಅಳೆಸಿ ಹೋಗುತ್ತಿದ್ದರು. ಡ್ಯಾಮಿನಲ್ಲಿ ನೀರಿರಲಿ, ಇಲ್ಲದಿರಲಿ, ಕಡೆಕಡೆಗೆ ವರ್ಷಗಟ್ಟಲೆ ಇದೇ ಪ್ರಶ್ನೆ, ಇದೇ ಉತ್ತರ. ಹೊಸಬರು ಯಾರಾದರೂ ಸಾಲಿನಲ್ಲಿದ್ದರೆ, ಇದೇನು ಇವರಿಬ್ಬರ ಗುಟ್ಟಿನ ಮಾತೋ ಎಂದು ನಮ್ಮ ಮುಖ ನೋಡುತ್ತಿದ್ದರು.

ಈ ಸಲ ನಾಲೆಗೆ ನೀರು ಬಿಟ್ಟ ವಾರದಲ್ಲೇ ಅವರು ತೀರಿಕೊಂಡರು. ಊರ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದರು. ನೀರು ಬಳಕೆದಾರರ ಸಹಕಾರ ಸಂಘದ ಸಂಸ್ಥಾಪಕ ಅಧ್ಯಕ್ಷರು, ರೈತಬಂಧು, ಧೀಮಂತ ಧುರೀಣ ಎಂದೆಲ್ಲ ಅದರಲ್ಲಿತ್ತು. ಹಾಕಿಸಿದವರು ಅದೇ ಸಂಘದವರು, ಅಂದರೆ ಅವರನ್ನು ಕುರ್ಚಿಯಿಂದ ಇಳಿಸಿದವರು. ಅದನ್ನು ನೋಡಿದ ಮೇಲೆ ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಸಾಕಷ್ಟು ದೊಡ್ಡದಾಗಿ ಬರೆದಿದ್ದಾರೆ.

ರಾಮನಗರದ ಕೈಲಾಂಚ ಕಡೆಯ ನಮ್ಮೂರನ್ನು ಕಾಣದವರಿಗಾಗಿ ನಾಲೆಯ ವಿಷಯ ಸ್ವಲ್ಪ ಹೇಳಬೇಕು. ಡ್ಯಾಮಿನಿಂದ ಬರುವ ದೊಡ್ಡ ನಾಲೆಯಿಂದ ನಮ್ಮ ಕಡೆಗೆ ಒಂದು ಮರಿನಾಲೆ ಒಡೆಯುತ್ತದೆ. ಅದರ ಬಾಯಲ್ಲಿ ಒಂದು ತೂಬು, ತೂಬಿನ ಪಕ್ಕ ಒಂದು ಹೊಂಗೆ ಮರ, ಮರದ ಆಚೆ ಅವರ ಗದ್ದೆ, ಅದಕ್ಕೆ ಅಂಟಿಕೊಂಡು ಅವರ ತಮ್ಮನ ಗದ್ದೆ. ಅಲ್ಲಿಂದ ನಾಲೆ ಬಂಡೆಗುಡ್ಡವನ್ನು ಬಳಸಿಕೊಂಡು ಇಳಿಯುತ್ತಾ ಇಳಿಯುತ್ತಾ ಸಣ್ಣದಾಗಿ, ನನ್ನ ದೊಡ್ಡಪ್ಪನ ಮಗನ ಗದ್ದೆಯಲ್ಲಿ ಮುಗಿಯುತ್ತದೆ. ಅದೇ ಕೊನೆ ಗದ್ದೆ. ಅದರ ಪಕ್ಕದ್ದು ನನ್ನದು, ಎರಡಕ್ಕೂ ಒಂದೇ ತೂಬು, ಒಂದೇ ಸರದಿ. ನಾಲೆಯ ತಲೆಯಲ್ಲಿ, ಅಂದರೆ ಬಾಯಿಯ ಹತ್ತಿರ, ಜಮೀನಿರುವವರು ನೀರಿಗಾಗಿ ಜಗಳ ಆಡುವುದಿಲ್ಲ, ಅವರಿಗೆ ಅದರ ಅಗತ್ಯವಿಲ್ಲ. ತಲೆಯಲ್ಲಿದ್ದುಕೊಂಡು ಬಾಲದವರ ಪರವಾಗಿ ಜಗಳ ಆಡಿದ ಮನುಷ್ಯ ನಾನು ಕಂಡಂತೆ ಇವರೊಬ್ಬರೇ. ಯಾಕಣ್ಣ ನಿಮಗೆ ಈ ಉಸಾಬರಿ ಎಂದು ಒಮ್ಮೆ ಕೇಳಿದ್ದೆ.

"ನನ್ ಗದ್ದೆ ಜೌಗಾಗೋಯ್ತಾ ಐತೆ, ನಿನ್ ಗದ್ದೆ ಬಿರುಕು ಬುಟ್ಟೈತೆ. ಇಬ್ರೂ ಹಾಳಾಗ್ತಿರೋದು ಒಂದೇ ನೀರಿಂದ ಕಣ್ಲಾ. ಇದ್ರಲ್ಲಿ ಧರ್ಮ ಗಿರ್ಮ ಏನೂ ಇಲ್ಲ," ಅಂದರು.

ಹೀಗೆ ಹೇಳುವಾಗ ಅವರ ಮುಖದಲ್ಲಿ ಒಳ್ಳೆಯವನೆಂಬ ಕಳೆ ಇರುತ್ತಿರಲಿಲ್ಲ. ಸಿಡುಕು ಇರುತ್ತಿತ್ತು. ಸಿಡುಕು ಅವರ ಹುಟ್ಟುಗುಣ. ಎಮ್ಮೆಯನ್ನು ಬೈದು ಹಾಲು ಕರೆಯುತ್ತಿದ್ದರು, ಬಸ್ಸಿನ ಕಂಡಕ್ಟರನನ್ನು ಬೈದು ಟಿಕೆಟ್ ತೆಗೆಸುತ್ತಿದ್ದರು. ನಾಲೆ ನೀರಾವರಿ ಇಲಾಖೆಯ ಕೈಲಿದ್ದ ಕಾಲದಲ್ಲಂತೂ ಬೈಯಲು ಅವರಿಗೆ ದೊಡ್ಡ ಗಿರಾಕಿಯೇ ಇತ್ತು. ತೂಬಿನ ಬೀಗದ ಕೈ ಆಗ ಇಲಾಖೆಯ ನೌಕರನ ಕೈಲಿತ್ತು. ಅವನು ಯಾವಾಗ ತೆಗೆಯುತ್ತಾನೆ, ಯಾರಿಗೆ ತೆಗೆಯುತ್ತಾನೆ ಎಂಬುದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಇವರು ರಾಮನಗರದ ಕಚೇರಿಗೆ ಹೋಗಿ, ಬಾಗಿಲಿಗೆ ಅಡ್ಡ ಕೂತು, ಬೀಗದ ಕೈ ನಮಗೆ ಕೊಡಿ, ನಮ್ಮ ನೀರನ್ನು ನಾವು ಹಂಚಿಕೊಳ್ಳುತ್ತೇವೆ ಎಂದು ಕೂಗಾಡಿ ಬರುತ್ತಿದ್ದರು. ಊರವರಿಗೆ ಅದೊಂದು ನೋಡುವ ಹಬ್ಬ.

ಆಮೇಲೆ ಒಂದು ದಿನ ಇಲಾಖೆಯವರೇ ಜೀಪಿನಲ್ಲಿ ಬಂದು, ನಾಲೆಯನ್ನು ನೀವೇ ತೆಗೆದುಕೊಳ್ಳಿ, ಸಂಘ ಮಾಡಿಕೊಳ್ಳಿ, ಇನ್ನು ಮೇಲೆ ರೈತರದೇ ಆಡಳಿತ ಅಂದರು. ಕೇಳಿದಾಗ ಕೊಡದವರು ಕೇಳದೆ ಕೊಡಲು ಬಂದಿದ್ದಾರೆ ಎಂದರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೆದ್ದೆವು ಎಂದುಕೊಂಡೆವು. ಅವರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಡೇರಿಯ ಲೆಕ್ಕ ಬರೆಯುವವನು ಎಂದು ನನ್ನನ್ನು ಈ ಸಂಘಕ್ಕೂ ಕಾರ್ಯದರ್ಶಿ ಮಾಡಿದರು. ಅಂದಿನಿಂದ ಅವರು ನನ್ನನ್ನು ಜನರ ಮುಂದೆ "ಕಾರ್ಯದರ್ಶಿಗಳೇ" ಎಂದೂ ಯಾರೂ ಇಲ್ಲದಾಗ "ಲೇ" ಎಂದೂ ಕರೆಯತೊಡಗಿದರು.

ಹಸ್ತಾಂತರದ ದಿನ ಹೊಂಗೆ ಮರದ ಕೆಳಗೆ ಶಾಮಿಯಾನ. ತಟ್ಟೆಯಲ್ಲಿ ವೀಳ್ಯದೆಲೆ, ಅದರ ಮೇಲೆ ರಿಬ್ಬನ್ ಕಟ್ಟಿದ ಬೀಗದ ಕೈ. ಸಾಹೇಬರ ಭಾಷಣ ಮುಗಿದು ಕೈಗೆ ಕೈ ಕೊಡುವ ಫೋಟೋ ಆಗಬೇಕು. ಇವರು ಒಂದು ನಿಮಿಷ ಎಂದು ಕೀಲಿಯನ್ನು ಎತ್ತಿಕೊಂಡು ಸೀದಾ ತೂಬಿನ ಬಳಿ ನಡೆದರು. ಬೀಗ ಬಿಚ್ಚಿತು. ಗೇಟಿನ ಚಕ್ರ ಮಾತ್ರ ತಿರುಗಲಿಲ್ಲ. ಒಬ್ಬರು, ಇಬ್ಬರು, ನಾಲ್ವರು ಹಿಡಿದು ತಿರುಗಿಸಿದರೂ ಅಲ್ಲಾಡಲಿಲ್ಲ. ಒಡೆದ ಸಿಮೆಂಟು, ಹೂಳು ತುಂಬಿದ ಮೋರಿ, ಎಲ್ಲವೂ ಶಾಮಿಯಾನದಿಂದ ಕಾಣುವಂತೆಯೇ ಇದ್ದವು. ಸಾಹೇಬರು ಹಸ್ತಾಂತರ ಆದ ಮೇಲೆ ರಿಪೇರಿ ಮಾಡಿಸಿಕೊಡುತ್ತೇವೆ ಎಂದು ಮೈಕಿನಲ್ಲೇ ಹೇಳಿದರು. ಇವರು ಮೈಕಿಲ್ಲದೆ ಎಲ್ಲರಿಗೂ ಕೇಳುವಂತೆ, "ಹೆಣ್ಗೆ ಕಾಯ್ಲೆ ಐತೆ, ಮದ್ವೆ ಆದ್ಮೇಲೆ ಔಷ್ದಿ ಕೊಡುಸ್ತೀವಿ ಅಂದಂಗಾಯ್ತು ಸಾಮಿ," ಅಂದರು. ಜನ ನಕ್ಕರು, ಸಾಹೇಬರೂ ನಕ್ಕರು. ಇವರು ಸಹಿ ಹಾಕಿದರು.

ಆ ಸಂಜೆ ಯಾಕಣ್ಣ ಸಹಿ ಹಾಕಿದಿರಿ ಎಂದು ಕೇಳಿದ್ದಕ್ಕೆ, ತುಕ್ಕು ಹಿಡಿದಿದ್ದರೂ ಈಗ ನಮ್ಮದಲ್ಲವೇ ಅಂದರು. ರಿಪೇರಿಗೆ ಯಾರೂ ಬರಲಿಲ್ಲ. ಇವರೇ ವೆಲ್ಡಿಂಗ್ ಅಂಗಡಿಯವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಚಕ್ರ ಬಿಡಿಸಿದರು. ಮನೆಗೊಬ್ಬರಂತೆ ಜನರನ್ನು ಕರೆದು ಹೂಳು ತೆಗೆಸಿದರು. ಗುದ್ದಲಿ ಹಿಡಿಯದೆ ದಡದ ಮೇಲೆ ನಿಂತವರನ್ನು ಹೆಸರು ಹಿಡಿದು ಬೈದರು. ನಮ್ಮಲ್ಲಿ ಹಾಗೆ ಬೈಸಿಕೊಂಡು ದುಡಿದ ದಿನವೂ ಸಂತೋಷವೇ ಇತ್ತು ಎಂದರೆ ಈಗಿನವರು ನಂಬಲಾರರು.

ಅವರ ಕಟ್ಟಳೆ ಒಂದೇ: ನೀರು ಮೊದಲು ಕೊನೆ ಗದ್ದೆಗೆ. ಮೇಲಿನ ತೂಬುಗಳೆಲ್ಲ ಮುಚ್ಚಿರಬೇಕು. ಕೊನೆಯವರದು ನೆನೆದ ಮೇಲೆ ಅದರ ಮೇಲಿನವರು, ಆಮೇಲೆ ಅವರ ಮೇಲಿನವರು, ಹೀಗೆ ಹತ್ತಿಕೊಂಡು ಬಂದು ತಲೆಯವರದು ಎಲ್ಲರಿಗಿಂತ ಕಡೆಗೆ. ಇಂಥ ನಿಯಮ ಸರ್ಕಾರದ ಪುಸ್ತಕದಲ್ಲೂ ಇತ್ತು. ಆದರೆ ಕೊನೆಯವರದು ನೆನೆದಿದೆ ಎಂದು ಗೊತ್ತಾಗುವುದು ಹೇಗೆ? ಫೋನ್ ಮಾಡಿದರೆ ಸಾಕಲ್ಲ ಎಂದೆವು. ಅವರು ಒಪ್ಪಲಿಲ್ಲ. ಫೋನಿನಲ್ಲಿ ಹೇಳುವವನ ಕಾಲು ಕೆಸರಲ್ಲಿದೆಯೋ ಜಗಲಿಯ ಮೇಲಿದೆಯೋ ಯಾರು ಕಂಡರು ಅಂದರು. ಕೊನೆ ಗದ್ದೆಯವನು ತನ್ನ ಗದ್ದೆಯ ಒದ್ದೆ ಮಣ್ಣನ್ನು ರಾಗಿಮುದ್ದೆಯಷ್ಟು ಕೈಲಿ ಹಿಡಿದು ತಲೆಯ ತೂಬಿನ ತನಕ ನಡೆದು ಬರಬೇಕು. ಬಂದು ತೋರಿಸಬೇಕು. ಅವರು ಆ ಮಣ್ಣನ್ನು ಹಿಸುಕಿ ನೋಡಿ, ಹೊಂಗೆ ಮರದ ಬುಡಕ್ಕೆ ಹಾಕಿ, ಟವೆಲಿಗೆ ಕೈ ಒರೆಸಿಕೊಂಡು, ಮುಂದಿನವನದು ತೆಗೆಯಿರಿ ಅನ್ನಬೇಕು. ಆಮೇಲೆಯೇ ಮುಂದಿನ ತೂಬು.

ಮೊದಮೊದಲು ಜನ ಗೇಲಿ ಮಾಡಿದರು. ಮುದುಕನಿಗೆ ಮಣ್ಣು ತಿನ್ನುವ ಆಸೆ ಎಂದರು. ಆದರೆ ಮಣ್ಣು ಹಿಡಿದು ನಾಲೆಯ ದಡದ ಮೇಲೆ ನಡೆದು ಬರುವವನನ್ನು ದಾರಿಯಲ್ಲಿ ಎಲ್ಲರೂ ನೋಡುತ್ತಿದ್ದರು. ನೋಡಿದವರಿಗೆ ತಮ್ಮ ಸರದಿ ಹತ್ತಿರ ಬಂತೆಂದು ತಿಳಿಯುತ್ತಿತ್ತು. ಯಾರೂ ಕೇಳದೆಯೇ ತಮ್ಮ ಬದು ಸರಿ ಮಾಡಿಕೊಳ್ಳುತ್ತಿದ್ದರು. ನಾನೂ ಒಂದು ಸಲ ಹಾಗೆ ನಡೆದಿದ್ದೇನೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜೀವಮಾನದಲ್ಲಿ ಅಷ್ಟು ಗತ್ತಿನಿಂದ ನಾನು ಯಾವ ಮದುವೆ ಮೆರವಣಿಗೆಯಲ್ಲೂ ನಡೆದಿಲ್ಲ. ಬೆಳೆ ಕೊಯ್ಯುವ ಹೊತ್ತಿಗೆ ಹೊಂಗೆ ಮರದ ಬುಡದಲ್ಲಿ ಊರಿನ ಎಲ್ಲ ಗದ್ದೆಗಳ ಮಣ್ಣೂ ಸೇರಿ ಒಂದು ಸಣ್ಣ ದಿಬ್ಬವಾಗಿತ್ತು.

ತಲೆಯವರದು ಎಲ್ಲರಿಗಿಂತ ಕಡೆಗೆ ಎಂದರೆ ಅವರ ಗದ್ದೆಯೂ ಕಡೆಗೇ. ಒಂದು ವರ್ಷ ಅವರ ಸರದಿ ಬರುವಷ್ಟರಲ್ಲಿ ಡ್ಯಾಮಿನ ನೀರು ನಿಲ್ಲಿಸಿದರು. ಅವರ ಪೈರು ಹಳದಿಯಾಗಿ ಬಿತ್ತು. ನಾಲೆಯ ಬಾಯಲ್ಲಿರುವ ಗದ್ದೆ ಒಣಗಿದ್ದನ್ನು ನಮ್ಮೂರು ನೋಡಿದ್ದು ಅದೊಂದೇ ಸಲ. ಅವರ ತಮ್ಮ ಅಂದಿನಿಂದ ಅಣ್ಣನನ್ನು ಹುಚ್ಚ ಎಂದು ಕರೆಯತೊಡಗಿದ. ಅತ್ತಿಗೆ, ಅಂದರೆ ಅವರ ಹೆಂಡತಿ, ಹಸುಗಳಿಗೆ ಆ ಪೈರನ್ನು ಕೊಯ್ದು ಹಾಕಿದರು.

ಸಂಘದ ಕೆಲಸಕ್ಕೆ ನಾವಿಬ್ಬರೂ ಆಗಾಗ ಬೆಂಗಳೂರಿನ ಕಚೇರಿಗೆ ಹೋಗಬೇಕಾಗುತ್ತಿತ್ತು. ಕೆಲಸ ಆಗಲಿ ಬಿಡಲಿ, ಬರುವಾಗ ಬಿಡದಿಯಲ್ಲಿ ಇಳಿಯಲೇಬೇಕು. ತಟ್ಟೆ ಇಡ್ಲಿಯ ಮುಂದೆ ಕೂತಾಗ ಮಾತ್ರ ಆ ಮನುಷ್ಯ ಯಾರನ್ನೂ ಬೈಯುತ್ತಿರಲಿಲ್ಲ. ಚಟ್ನಿಯನ್ನು ಮೇಲೆ ಸುರಿದುಕೊಂಡು, ಬೆಣ್ಣೆ ಕರಗುವ ತನಕ ಕಾಯ್ದು, ಮಾತಿಲ್ಲದೆ ತಿನ್ನುತ್ತಿದ್ದರು. ನನ್ನ ಅವ್ವನಿಗೆಂದು ಒಂದು ಪೊಟ್ಟಣ ಕಟ್ಟಿಸುತ್ತಿದ್ದರು. ಅದನ್ನು ಕೊಡಲು ತಲೆಯಿಂದ ಬಾಲದ ತನಕ ತಾವೇ ಬರುತ್ತಿದ್ದರು. ಅವ್ವ ಅವರಿಗೆ ಮುದ್ದೆ ಬಡಿಸುತ್ತಿದ್ದಳು. ತಲೆಯ ಕಡೆಯ ಯಾರ ಮನೆಯಲ್ಲೂ, ಅಧ್ಯಕ್ಷರಾದ ಮೇಲೆ, ಮುಲಾಜಿಗೆ ಬೀಳಬಾರದೆಂದು ಅವರು ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಅದು ಅತಿಯಾಯಿತು ಎಂದು ನನಗೆ ಆಗಲೂ ಅನ್ನಿಸಿತ್ತು. ಅಣ್ಣತಮ್ಮಂದಿರ ಮನೆಯ ಕಾಫಿ ಬಿಟ್ಟವರು ಊರಲ್ಲಿ ಹೇಗೆ ಉಳಿದಾರು?

ಇಲಾಖೆಯ ಕಾಲಕ್ಕೂ ಸಂಘದ ಕಾಲಕ್ಕೂ ಇದ್ದ ವ್ಯತ್ಯಾಸ ಇಷ್ಟೇ. ಆಗ ನೀರು ಬರದಿದ್ದರೆ ಸರ್ಕಾರವನ್ನು ಬೈದು ಮನೆಗೆ ಹೋಗಿ ಉಂಡು ಮಲಗಬಹುದಿತ್ತು. ಈಗ ಬೈಯಬೇಕೆಂದರೆ ಭಾವನನ್ನು, ಮಾವನನ್ನು, ಒಡಹುಟ್ಟಿದವನನ್ನು ಬೈಯಬೇಕು. ಸರ್ಕಾರ ಬೈಸಿಕೊಂಡರೆ ಸುಮ್ಮನಿರುತ್ತದೆ. ಭಾವ ಮೈದುನರು ಸುಮ್ಮನಿರುವುದಿಲ್ಲ, ಊಟದ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಬೀಗದ ಕೈಯ ಜೊತೆ ಇದನ್ನೂ ನಮಗೆ ಹಸ್ತಾಂತರ ಮಾಡಿದ್ದರು. ಭಾಷಣದಲ್ಲಿ ಮಾತ್ರ ಹೇಳಿರಲಿಲ್ಲ.

ಕೆಟ್ಟದ್ದು ಶುರುವಾದದ್ದು ನಮ್ಮ ಕಡೆಯಿಂದಲೇ. ಆ ವರ್ಷ ದೊಡ್ಡಪ್ಪನ ಮಗ ರೇಷ್ಮೆ ಹುಳು ಮೇಯಿಸಿದ್ದ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬಾಯಿ ತೆರೆದ ಹೊತ್ತಿಗೆ ಅವನ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿಯಿತು. ಆ ಹಂತದಲ್ಲಿ ಹುಳುವಿಗೆ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಕಟ್ಟುವುದಿಲ್ಲ ಎಂಬುದು ರಾಮನಗರದ ಸುತ್ತ ಹುಟ್ಟಿದವರಿಗೆಲ್ಲ ಗೊತ್ತು. ನಾಲೆಯ ನೀರು ಇನ್ನೂ ಅವನ ತನಕ ಇಳಿದಿರಲಿಲ್ಲ, ಇಳಿದಿದ್ದರೂ ಸೊಪ್ಪು ಚಿಗುರಲು ವಾರಗಳು ಬೇಕು. ಸೊಪ್ಪು ಇದ್ದದ್ದು ತಲೆಯಲ್ಲಿ, ಅಧ್ಯಕ್ಷರ ತಮ್ಮನ ತೋಟದಲ್ಲಿ. ಅವನು ಕೊಡುತ್ತೇನೆ ಅಂದ. ಬದಲಿಗೆ ಬೇರೇನೂ ಬೇಡ, ನಾಳೆ ಬೆಳಗ್ಗೆ ಅಣ್ಣನಿಗೆ ಒಂದು ಹಿಡಿ ಒದ್ದೆ ಮಣ್ಣು ತೋರಿಸಿಬಿಡು ಅಂದ. ದೊಡ್ಡಪ್ಪನ ಮಗ ಮನೆಯ ಬಿಂದಿಗೆಯಿಂದ ಗದ್ದೆಯ ಮೂಲೆಗೆ ನೀರು ಸುರಿದು, ಕಲಸಿ, ಹಿಡಿಯಲ್ಲಿಟ್ಟುಕೊಂಡು, ಎಲ್ಲರೂ ನೋಡುವಂತೆ ದಡದ ಮೇಲೆ ನಡೆದು ಹೋಗಿ ತೋರಿಸಿದ. ಅವರು ಹಿಸುಕಿ ನೋಡಿದರು, ಮರದ ಬುಡಕ್ಕೆ ಹಾಕಿದರು, ಮುಂದಿನವನದು ತೆಗೆಯಿರಿ ಅಂದರು. ಹಾಲಿಗೆ ನೀರು ಬೆರೆಸುವವರನ್ನು ದಿನ ಬೆಳಗಾದರೆ ಹಿಡಿಯುವವನು ನಾನು. ಮಣ್ಣಿಗೂ ಬೆರೆಸುತ್ತಾರೆ ಎಂದು ನನಗೂ ಹೊಳೆಯಲಿಲ್ಲ. ಡೇರಿಯ ಗಡಿಬಿಡಿಯಲ್ಲಿ ಆ ವಾರ ನಾನು ಗದ್ದೆಯ ಕಡೆ ಹೋಗಿಯೂ ಇರಲಿಲ್ಲ.

ಗೊತ್ತಾದದ್ದು ನನ್ನ ಅವ್ವನಿಂದ. ಅವರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಾಗ ಅವ್ವ, "ನಮ್ ಪಾಳಿ ಯಾವಾಗಪ್ಪ? ಈ ಸಲ ಒಸಿ ತಡ ಆಯ್ತಲ್ಲ," ಅಂದಳು. ನಿಮ್ಮದು ಮುಗಿದು ನೀರು ಮೇಲೆ ಹತ್ತಿದೆಯಲ್ಲ ಎಂದು ಅವರು. ಯಾವ ನೀರು ಎಂದು ಅವ್ವ. ಅವರು ತಟ್ಟೆಯ ಮುಂದಿನಿಂದ ಎದ್ದು ಗದ್ದೆಗೆ ನಡೆದರು. ನಾನು ಹಿಂದೆ ಓಡಿದೆ. ಕೊನೆ ಗದ್ದೆಯಲ್ಲಿ ಮೊರದಷ್ಟು ಜಾಗ ಮಾತ್ರ ಕಲಸಿದ ಗುರುತಿತ್ತು, ಅದೂ ಒಣಗಿತ್ತು. ಉಳಿದದ್ದೆಲ್ಲ ಬಿರುಕು. ದೊಡ್ಡಪ್ಪನ ಮಗ ಅಲ್ಲೇ ನಿಂತಿದ್ದ. ಸುಳ್ಳು ಹೇಳಲಿಲ್ಲ. ಹುಳು ಸಾಯುತ್ತಿತ್ತು, ಅದಕ್ಕೆ ಹೀಗೆ ಮಾಡಿದೆ ಎಂದು ನಡೆದದ್ದನ್ನೆಲ್ಲ ಹೇಳಿದ. ಅವನಿಗೆ ಬೀಳುವ ಬೈಗುಳ ಕೇಳಲು ನಾನು ತಯಾರಾಗಿ ನಿಂತೆ. ಅವರು ಬೈಯಲಿಲ್ಲ.

"ಹುಳ ಗೂಡು ಕಟ್ಟಿದ್ವಾ?" ಅಂದರು. ಕಟ್ಟಿದವು ಎಂದ. "ಹೋಗ್ಲಿ ಬುಡು," ಅಂದರು.

ಅಲ್ಲಿಂದ ಸೀದಾ ತಮ್ಮನ ಗದ್ದೆಗೆ ಹೋದರು. ಅಲ್ಲಿ ನಾಲೆಯ ದಡಕ್ಕೆ ಒಂದು ಪೈಪು ತೂರಿಸಿ, ಮೇಲೆ ಹೊಂಗೆ ಸೊಪ್ಪು ಮುಚ್ಚಿದ್ದರು. ಕೆಳಗೆ ಇಳಿಯಬೇಕಾದ ನೀರು ಅಲ್ಲೇ ತಿರುಗುತ್ತಿತ್ತು. ಇಲಾಖೆಯ ಕಾಲದಲ್ಲಿ ತಲೆಯವರೆಲ್ಲ ಇಂಥ ಪೈಪುಗಳನ್ನು ಹಾಕಿದ್ದರು. ಸಂಘ ಆದ ಮೇಲೆ ಇವರ ಮಾತಿಗೆ ಎಲ್ಲರೂ ಕಿತ್ತಿದ್ದರು. ತಮ್ಮನೂ ಕಿತ್ತಿದ್ದೇನೆ ಎಂದಿದ್ದ. ಒಡಹುಟ್ಟಿದವನ ಮಾತು, ಅದಕ್ಕೆ ಮಣ್ಣು ತೋರಿಸು ಎಂದು ಅವರು ಕೇಳಿರಲಿಲ್ಲ. ಹಾರೆ ತರಿಸಿ, ತಮ್ಮನ ಹೆಂಡತಿ ಮಕ್ಕಳ ಎದುರಿಗೇ, ಪೈಪನ್ನು ಕಿತ್ತು ದಡದ ಮೇಲೆ ಹಾಕಿದರು. ತಮ್ಮ ಓಡಿ ಬಂದು, ಅಪ್ಪ ಇದ್ದಿದ್ದರೆ ಇದನ್ನು ನೋಡಿ ಏನನ್ನುತ್ತಿದ್ದ ಎಂದು ಕೇಳಿದ. ಅಪ್ಪ ಇದ್ದಿದ್ದರೆ ನಿನ್ನ ಕೈಲಿ ಕೀಳಿಸುತ್ತಿದ್ದ, ನನಗೆ ನಿನ್ನ ಕೈ ಹಿಡಿಯಲು ಆಗಲಿಲ್ಲ ಅಂದರು. ಆಮೇಲೆ ಅಣ್ಣತಮ್ಮಂದಿರು ಮಾತಾಡಲಿಲ್ಲ.

ಪೈಪು ಮತ್ತೆ ಕೂರಲು ಒಂದು ವಾರ ಕೂಡ ಹಿಡಿಯಲಿಲ್ಲ. ಈ ಸಲ ಸೊಪ್ಪು ಮುಚ್ಚಲಿಲ್ಲ, ಎಲ್ಲರಿಗೂ ಕಾಣುವಂತೆಯೇ ಹಾಕಿದರು. ತಲೆಯ ಉಳಿದವರೂ ಹಾಕಿದರು. ಅವರು ನನ್ನನ್ನು ಕರೆದುಕೊಂಡು ರಾಮನಗರದ ಕಚೇರಿಗೆ ಹೋದರು. ಯಾವ ಬಾಗಿಲಿಗೆ ಅಡ್ಡ ಕೂತು ಕೂಗಾಡಿದ್ದರೋ ಅದೇ ಬಾಗಿಲು. ಸಾಹೇಬರು ಹೊಸಬರು, ಮರ್ಯಾದೆಯಿಂದ ಕೂರಿಸಿ ಟೀ ತರಿಸಿದರು. ಎಲ್ಲವನ್ನೂ ಕೇಳಿ, ನಾಲೆ ಈಗ ನಿಮ್ಮದು, ಇದು ನಿಮ್ಮ ಸಂಘದ ಒಳಗಿನ ವಿಷಯ, ನಾವು ಕೈ ಹಾಕುವಂತಿಲ್ಲ ಅಂದರು. ಕೈ ಹಾಕಬೇಡಿ ಎಂದು ಹೋರಾಡಿದವರೇ ಇವರು. ಟೀ ಲೋಟವನ್ನು ಮುಟ್ಟದೆ ಎದ್ದು ಬಂದರು. ಮೆಟ್ಟಿಲು ಇಳಿಯುವಾಗ, "ಇವ್ನು ಬೈದಿದ್ರೆ ಚೆಂದಾಗಿತ್ತು ಕಣ್ಲಾ," ಅಂದರು.

ಆಮೇಲಿನ ಸರ್ವಸದಸ್ಯರ ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಅವರನ್ನು ಇಳಿಸಬೇಕೆಂದು ತಲೆಯವರು ಸೂಚನೆ ತಂದರು. ತಲೆಯವರು ಎಷ್ಟೇ ಒಟ್ಟಾದರೂ ಅವರೊಬ್ಬರಿಂದಲೇ ಆಗುವ ಕೆಲಸವಲ್ಲ ಅದು. ಬಾಲದವರು ನಾವು ಜಾಸ್ತಿ ಇದ್ದೆವು. ಕೈ ಎತ್ತಿ ಅಂದಾಗ ನಮ್ಮವರ ಕೈಗಳು ಒಂದೊಂದಾಗಿ ಎದ್ದವು. ಒಬ್ಬ ತಲೆಯವರ ಮನೆಗೆ ಮಗಳನ್ನು ಕೊಟ್ಟಿದ್ದಾನೆ. ಇನ್ನೊಬ್ಬನಿಗೆ ಅವರ ಟ್ರ್ಯಾಕ್ಟರ್ ಬೇಕು. ಮತ್ತೊಬ್ಬನಿಗೆ ಸೊಪ್ಪು. ಬಂದರೆ ಬರುವ ನೀರಿಗಿಂತ, ಬಂದೇ ಬರುವ ಸೊಪ್ಪು ವಾಸಿ ಎಂದುಕೊಂಡರು. ದೊಡ್ಡಪ್ಪನ ಮಗನ ಕೈಯೂ ಎದ್ದಿತು, ಭುಜದ ಮಟ್ಟದ ತನಕ ಮಾತ್ರ. ನನ್ನದು ಏಳಲಿಲ್ಲ, ಅದರಿಂದ ಏನೂ ಆಗಲಿಲ್ಲ. ಕಾರ್ಯದರ್ಶಿ ಕೆಲಸ ಅಂದೇ ಹೋಯಿತು. ಹೊಸ ಅಧ್ಯಕ್ಷ ತಮ್ಮನೇ ಎಂದು ಬೇರೆ ಹೇಳಬೇಕಾಗಿಲ್ಲ. ಅವರು ಎದ್ದು ನಿಂತು, ಸೊಂಟದಿಂದ ಬೀಗದ ಕೈ ಬಿಚ್ಚಿ ತಮ್ಮನ ಮುಂದಿನ ಮೇಜಿನ ಮೇಲಿಟ್ಟು, ಟವೆಲ್ ಕೊಡವಿ ಹೋದರು. ಕೀಲಿ ಇನ್ನು ಯಾರಿಗೂ ಬೇಕಾಗಿರಲಿಲ್ಲ. ಪೈಪುಗಳಿದ್ದವಲ್ಲ. ಹೊಂಗೆ ಬುಡದ ಮಣ್ಣಿನ ದಿಬ್ಬ ಅದೇ ಮಳೆಗಾಲದಲ್ಲಿ ಕರಗಿ ಹೋಯಿತು.

ತಮ್ಮನ ಮಗಳ ಮದುವೆ ಆದದ್ದು ಅದರ ಮುಂದಿನ ಬೇಸಿಗೆಯಲ್ಲಿ. ಎತ್ತಿ ಆಡಿಸಿದ ಮಗು, ಕರೆಯದಿದ್ದರೂ ಹೋಗುತ್ತೇನೆ ಎಂದು ಹೋದರು. ಧಾರೆ ಆಯಿತು. ಊಟಕ್ಕೆ ಪಂಕ್ತಿಯಲ್ಲಿ ಕೂತರು, ಪಕ್ಕದಲ್ಲಿ ನಾನು. ಎಲೆ ಹಾಕುತ್ತಾ ಬಂದವರು ನನಗೆ ಹಾಕಿ, ಅವರನ್ನು ದಾಟಿ, ಅವರ ಆಚೆಯವರಿಗೆ ಹಾಕಿದರು. ಮರೆತಿರಬೇಕೆಂದು ನಾನು ಕೂಗಿ ಕರೆದೆ. ಬಡಿಸುವವರು ಕೇಳಿಸಿಕೊಂಡೂ ತಿರುಗಲಿಲ್ಲ. ಅವರು ನನ್ನ ತೊಡೆ ತಟ್ಟಿ ಸುಮ್ಮನಿರಿಸಿ, ಎದ್ದು ಹೊರಗೆ ನಡೆದರು. ನಾನೂ ಎಲೆ ಬಿಟ್ಟು ಎದ್ದೆ. ಇಬ್ಬರೂ ಬಸ್ಸು ಹತ್ತಿ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದೆವು. ಇಲ್ಲಿ ದುಡ್ಡು ಕೊಟ್ಟರೆ ಎಲೆ ಹಾಕುತ್ತಾರೆ ನೋಡು ಎಂದು ನಕ್ಕರು. ಬೆಣ್ಣೆ ಕರಗುವ ತನಕ ಆವತ್ತು ಕಾಯಲಿಲ್ಲ.

ಅವರಿಗೆ ದುಃಖ ಇತ್ತೇ ಎಂದರೆ ನಾನು ಕಂಡದ್ದು ಕಡಿಮೆ. ಕಂಡವರು ಅತ್ತಿಗೆ. ಒಮ್ಮೆ ಡೇರಿಗೆ ತಾವೇ ಕ್ಯಾನ್ ತಂದಿದ್ದರು. ಅಣ್ಣ ಹೇಗಿದ್ದಾರೆ ಅಂದೆ. "ಊರೋರ ಗದ್ದೆಗೆಲ್ಲ ನೀರ್ ಕಟ್ಟುದ್ರು ಕಣಪ್ಪ. ನನ್ ಬಾಗ್ಲಿಗೆ ಒಬ್ರೂ ಬರ್ದಂಗೆ ಮಾಡುದ್ರು," ಅಂದರು. ಅದರಲ್ಲಿ ಸುಳ್ಳಿರಲಿಲ್ಲ. ಆ ಮನೆಯ ಜಗಲಿಯಲ್ಲಿ ಒಂದು ಕಾಲಕ್ಕೆ ಕೂರಲು ಜಾಗ ಸಿಗುತ್ತಿರಲಿಲ್ಲ. ಈಗ ಅಲ್ಲಿ ನಾಯಿ ಮಲಗಿರುತ್ತಿತ್ತು. ಅಣ್ಣ ಮಾತ್ರ ಮರುದಿನದಿಂದ ಮತ್ತೆ ಬಂದು, ಕ್ಯಾನ್ ಇಟ್ಟು, ಅದೇ ಪ್ರಶ್ನೆ ಕೇಳುತ್ತಿದ್ದರು. ಕೆಲವೊಮ್ಮೆ ನನಗೆ ರೇಗುತ್ತಿತ್ತು. ನೀರು ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುವುದು ಯಾಕೆ ಎಂದು ಒಂದು ದಿನ ಅಂದೂಬಿಟ್ಟೆ. ಅವರಿಗೆ ಆಶ್ಚರ್ಯವಾಯಿತು.

"ಕೇಳೋರು ಒಬ್ರಾದ್ರೂ ಬ್ಯಾಡ್ವೇನ್ಲಾ?" ಅಂದರು.

ತೀರಿಕೊಂಡರೆ ತಮ್ಮದೇ ಸ್ವಂತ ಗದ್ದೆಯಲ್ಲಿ ಮಣ್ಣು ಮಾಡಬೇಕೆಂದು ಮೊದಲೇ ಹೇಳಿದ್ದರಂತೆ. ಹೊಂಗೆ ಮರದ ಆಚೆಗೆ ಗುಂಡಿ ತೋಡಲು ಶುರು ಮಾಡಿದರು. ಮೊಣಕಾಲು ಆಳಕ್ಕೆ ಹೋಗುವಷ್ಟರಲ್ಲಿ ನೀರು ಉಕ್ಕಿತು. ಪಕ್ಕದ ತಮ್ಮನ ಗದ್ದೆಗೆ ಹಗಲೂ ರಾತ್ರಿ ಪೈಪು ಹರಿದು ಆ ನೆಲವೆಲ್ಲ ಜೌಗಾಗಿತ್ತು. ಬಕೆಟ್ಟಿನಲ್ಲಿ ಮೊಗೆದು ಹಾಕಿದರೂ ಮತ್ತೆ ತುಂಬುತ್ತಿತ್ತು. ದೇಹ ಮನೆಯ ಮುಂದೆ ಕಾಯುತ್ತಿತ್ತು. ಕೊನೆಗೆ ತಮ್ಮನೇ ಗೋಣಿಚೀಲ ತರಿಸಿ ತನ್ನ ಪೈಪಿನ ಬಾಯಿಗೆ ತುರುಕಿಸಿದ. ಅದೊಂದೇ ಸಾಲದೆ, ತಲೆಯ ಉಳಿದವರ ಪೈಪುಗಳನ್ನೂ ಮುಚ್ಚಿಸಿದ. ಅಣ್ಣ ಜೀವಮಾನವಿಡೀ ಹೇಳಿದರೂ ಆಗದ ಕೆಲಸ ಅಣ್ಣನನ್ನು ಹೂಳಲು ಆಯಿತು.

ಪೈಪು ಮುಚ್ಚಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ನಾಲೆಯಲ್ಲಿ ಇಳಿಯಿತು. ದೇಹವನ್ನು ತಂದು ಇಳಿಸುವ ಹೊತ್ತಿಗೆ ದೊಡ್ಡಪ್ಪನ ಮಗನ ಫೋನ್ ರಿಂಗಾಯಿತು. ಮನೆಯವಳು, ನಮ್ಮ ಗದ್ದೆಯ ಮೇಲಿನ ಮೋರಿಯ ತನಕ ನೀರು ಬಂದಿದೆ, ಬೇಗ ಬಾ ಅಂದಳು. ಅವನು ನನ್ನ ಮುಖ ನೋಡಿದ, ಹೆಣದ ಮುಖ ನೋಡಿದ, ಹಿಂದಕ್ಕೆ ಸರಿದ. ಅವನ ಹಿಂದೆ ಮತ್ತೊಬ್ಬ, ಮಗದೊಬ್ಬ. ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ನಮ್ಮ ಕಡೆಯವರೆಂದು ಅಲ್ಲಿ ಉಳಿದವನು ನಾನೊಬ್ಬ. ಸಿಟ್ಟು ಬಂತು. ಇದ್ದಿದ್ದರೆ ಅವರೇ ಇವರನ್ನು ಬೈದು ಗದ್ದೆಗೆ ಓಡಿಸುತ್ತಿದ್ದರು ಎಂದೂ ಅನ್ನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಗುದ್ದಲಿ ಹಿಡಿದು ಓಡಿದವರು ಸಂಜೆಯ ತನಕ ಬದುವಿನ ಮೇಲೆ ಕಾದರು. ಇಲ್ಲಿ ಗುಂಡಿ ಮುಚ್ಚಿ, ಎಲ್ಲರೂ ಕೈಕಾಲು ತೊಳೆದುಕೊಂಡ ಮೇಲೆ ತಲೆಯವರು ಗೋಣಿಚೀಲ ಎಳೆದು ಹಾಕಿದರು. ನೀರು ಮೋರಿಯಿಂದ ಈಚೆಗೆ ಬರಲೇ ಇಲ್ಲ. ನಾನು ಮನೆಗೆ ಹೋಗುವಾಗ ಕೊನೆ ಗದ್ದೆಯನ್ನು ದಾಟಿಯೇ ಹೋದೆ. ನೆಲ ಬಿರುಕು ಬಿಟ್ಟ ಹಾಗೆಯೇ ಇತ್ತು.

ಮೂರನೇ ದಿನ ಹಾಲುತುಪ್ಪ. ಡೇರಿಯಿಂದ ನಾನು ಹಾಲು ತಂದಿದ್ದೆ, ಬಿಡದಿಯಿಂದ ಇಡ್ಲಿ ತರಿಸಿ ಎಡೆಗೆ ಇಟ್ಟಿದ್ದೆ. ನೆಂಟರಿಷ್ಟರೆಲ್ಲ ಗುಂಡಿಯ ಸುತ್ತ ಸೇರಿದ್ದರು. ತಮ್ಮ ಮುಂದೆ ನಿಂತು ಎಲ್ಲವನ್ನೂ ನಡೆಸುತ್ತಿದ್ದ. ಆಗ ದೊಡ್ಡಪ್ಪನ ಮಗ ಬಂದ. ಕೈಲಿ ಒಂದು ಹಿಡಿ ಮಣ್ಣು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರ ಮುಖವನ್ನೂ ನೋಡದೆ ಅದನ್ನು ಗುಂಡಿಯ ತಲೆಭಾಗಕ್ಕೆ ಇಟ್ಟ. ಅತ್ತಿಗೆ ಆ ಮಣ್ಣನ್ನೇ ನೋಡಿದರು. ನೀರು ಬಂತೇನಪ್ಪ ಎಂದು ಕೇಳಿದರು. ಬಂತು ಕಣತ್ತಿಗೆ ಎಂದ.

ತಮ್ಮ ಅದನ್ನು ಕೇಳಿಸಿಕೊಂಡು ನೆಂಟರ ಕಡೆ ತಿರುಗಿದ. "ನೋಡ್ರಪ್ಪಾ, ನಾವು ನೀರ್ ಬುಡಲ್ಲ ಅಂತಿದ್ರಲ್ಲ. ಕೊನೆ ಗದ್ದೆ ಮಣ್ಣೇ ಬಂದೈತೆ," ಅಂದ.

ಅಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ಆಗ ಆಗಲಿಲ್ಲ. ಬಗ್ಗಿ ಆ ಮಣ್ಣನ್ನು ಎತ್ತಿಕೊಂಡು ಎಲ್ಲರೆದುರು ಒಡೆದೆ. ಹೊರಗೆ ಒದ್ದೆ. ಒಳಗೆ ಒಣಗಿದ ಹೆಂಟೆ, ಪುಡಿಪುಡಿಯಾಗಿ ನನ್ನ ಅಂಗೈಯಿಂದ ಉದುರಿತು. ತಮ್ಮ ಬೇರೆ ಕಡೆ ನೋಡಿದ. ದೊಡ್ಡಪ್ಪನ ಮಗ ನನ್ನ ಹತ್ತಿರ ಬಂದು, "ಬರಿಗೈಲಿ ಬರಾಕೆ ಮನ್ಸಾಗ್ಲಿಲ್ಲ ಕಣ್ಲಾ. ಅಣ್ಣ ಕೇಳೋರಲ್ಲ, ಅದ್ಕೆ ಬಿಂದ್ಗೆ ನೀರಲ್ಲಿ ಅದ್ಕೊಂಡ್ ಬಂದೆ," ಅಂದ. ಅವನ ಕಣ್ಣು ತುಂಬಿತ್ತು. ಅವನಿಗೆ ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ, ಉದುರಿದ ಮಣ್ಣಿನ ಮೇಲೆ ತಂದಿದ್ದ ಹಾಲು ಸುರಿದೆ.

ಆಮೇಲೆ ಅವರ ಮನೆಯ ಅಂಗಳದಲ್ಲಿ ಊಟ. ಬಡಿಸುವ ಉಸ್ತುವಾರಿ ತಮ್ಮನದೇ. ನಾನೂ ಪಂಕ್ತಿಯಲ್ಲಿ ಕೂತೆ, ಪಕ್ಕದಲ್ಲಿ ದೊಡ್ಡಪ್ಪನ ಮಗ. ಎಲೆ ಹಾಕುತ್ತಾ ಬಂದವರು ಅವನಿಗೆ ಹಾಕಿದರು. ನನ್ನನ್ನು ದಾಟಿ ಮುಂದೆ ಹೋದರು.